ಅಕ್ಕನ ಕೈಗೆ ಹಚ್ಚಿದ ಕೆಂಪು

ಮಂಗಳವಾರ, ಮಾರ್ಚ್ ೧೧

ನಾನು ಸುಳ್ಳನ್ನು ಅಚ್ಚು ಹಾಕಿದೆ. ಅಕ್ಕ ಕೆಲಸ ಮಾಡುವ ಲಾಂಡ್ರಿಯ ಕೆಟ್ಟ ಇಸ್ತ್ರಿ ಯಂತ್ರದ ಹಬೆ ತಗುಲಿ ಅವಳ ಮುಂಗೈ ಸುಟ್ಟಿದ್ದು ನಿಜ. ಆದರೆ ಫೋಟೋದಲ್ಲಿ ಗಾಯ ಸಣ್ಣದಾಗಿ ಕಂಡಿತು. ಇದು ಯಾರ ಎದೆಗೂ ತಟ್ಟದು ಎನಿಸಿ, ಕಂಪ್ಯೂಟರಿನಲ್ಲಿ ಅದನ್ನು ಮೊಣಕೈವರೆಗೆ ಎಳೆದು, ಕೆಂಪು ತುಂಬಿ, ಕೆಳಗೆ 'ಯಂತ್ರ ಸರಿಪಡಿಸಿ' ಎಂದು ಬರೆದು, ಮನೆಯ ಪ್ರಿಂಟರಿನಲ್ಲೇ ನಲವತ್ತು ಪ್ರತಿ ತೆಗೆದು ಬೀದಿಯುದ್ದಕ್ಕೂ ಅಂಟಿಸಿದೆ. ಸತ್ಯಕ್ಕೆ ಬಣ್ಣ ಬೇಕಿಲ್ಲ ಎಂದು ಹೋದ ತಿಂಗಳ ಕರಪತ್ರದಲ್ಲಿ ಬರೆದವನೂ ನಾನೇ.

ಇಂದು ಮಾಲೀಕ ಎಲ್ಲರೆದುರು ಅಕ್ಕನ ತೋಳು ಮೇಲೆತ್ತಿಸಿ ನೋಡಿದನಂತೆ. "ಗಾಯಾನೇ ಸುಳ್ಳು, ಯಂತ್ರ ಸರಿಯಾಗೇ ಇದೆ" ಅಂದನಂತೆ. ನಾಳೆಯೂ ಅವಳು ಅದೇ ಯಂತ್ರದ ಮುಂದೆ ನಿಲ್ಲಬೇಕು.

ಅಕ್ಕ ಬೈಯಲಿಲ್ಲ. "ನನ್ನ ಮದುವೆ ಫೋಟೋಗೂ ಇಷ್ಟು ಬಣ್ಣ ಹಾಕಿರ್ಲಿಲ್ವಲ್ಲೋ" ಎಂದು ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು, "ಇದ್ದ ಗಾಯ ಸಾಲ್ದೇ ಹೋಯ್ತೇನೋ ನಿನಗೆ?"

ಆ ಮಾತು ಇನ್ನೂ ಚುಚ್ಚುತ್ತಿದೆ. ಮೂಲ ಫೋಟೋವನ್ನಾದರೂ ಅಚ್ಚು ಹಾಕೋಣವೆಂದರೆ ಪ್ರಿಂಟರಿನ ಕೆಂಪು ಶಾಯಿ ಮುಗಿದಿದೆ. ಅವಳ ಕೈ ಹಸಿರಾಗಿ ಹೊರಬಂತು.

"ಬಿಡು, ಕೈ ನನ್ನ ಹತ್ರಾನೇ ಇದೆ. ನೀನು ಬಂದು ಬಾಯಿಬಿಟ್ಟು ನಿಜ ಹೇಳು, ಸಾಕು" ಎಂದಳು ಅಕ್ಕ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ, ಲಾಂಡ್ರಿಯಲ್ಲಿ, ಮಾಲೀಕನ ಮುಂದೆ ಹೇಳುತ್ತೇನೆ.