ಹೂವಿನ ಹಿಂದಿನ ಮುಖ

ಬೀದರ್, ಉರಿಮಾಸದ ಮೂವತ್ತೆರಡನೆಯ ದಿನ, ೨೧೮೭

ಎಸ್ತರ್ ಸಿಸ್ಟರ್ ಅವರಿಗೆ,

ಇಂದು ಬೆಳಿಗ್ಗೆ ನಮ್ಮ ಓಣಿಗೆ ಬಂದ ನರ್ಸ್, ಕಾಯಿಲೆಯವರಿದ್ದ ಮನೆಯ ಹೊಸ್ತಿಲಲ್ಲಿ ನಿಂತು, ಕಿವಿಗೆ ಅಂಟಿದ್ದ ಕಣ್ಣನ್ನು ಬಿಚ್ಚಿ ಬಾಗಿಲ ಗೂಟಕ್ಕೆ ನೇತುಹಾಕಿ ಒಳಗೆ ಹೋದರು. ಇದು ನಾನು ದಿನವೂ ಕಾಣುವುದೇ. ಆದರೆ ಇಂದು ಅವರು ಮತ್ತೆ ಹೊರಗೆ ಬಂದು, ಗೂಟದಲ್ಲಿ ತೂಗುತ್ತಿದ್ದ ಕಣ್ಣನ್ನು ಗೋಡೆಯ ಕಡೆ ತಿರುಗಿಸಿ ಹೋದರು. ಆಗಿನಿಂದ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ.

ತಾರೀಖನ್ನೂ ಮಾತುಗಳನ್ನೂ ಕಂಡು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಮೇ, ಜೂನ್ ಎರಡನ್ನೂ ಕೂಡಿಸಿ ನಾವು ಉರಿಮಾಸವೆಂಬ ಒಂದೇ ಉದ್ದನೆಯ ತಿಂಗಳು ಮಾಡಿಕೊಂಡಿದ್ದೇವೆ. ಕಣ್ಣು ಎಂದರೆ ಕಿವಿಗೆ ಅಂಟುವಷ್ಟು ಕುಗ್ಗಿ, ಎದುರಿಗಿದ್ದದ್ದನ್ನೆಲ್ಲ ನೋಡುತ್ತಲೇ ಇರುವ ನಿಮ್ಮ ಮೊಬೈಲು. ಈಗ ನಾನು ಬರೆಯುತ್ತಿರುವುದು ಹಿಂದೋಲೆ, ಕಾಲದಲ್ಲಿ ಹಿಂದಕ್ಕೆ ಕಳಿಸುವ ಪತ್ರ. ಅದು ತಲುಪುತ್ತದೆಂದು ಯಾರೂ ಭರವಸೆ ಕೊಡುವುದಿಲ್ಲ.

ನಾನು ಮಂದಾಕಿನಿ. ಸಾಹಿತ್ಯ ಓದಿ, ಸೋಸುಮನೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೇನೆ. ನಿಮ್ಮ ಕಾಲದವರು ಜಾಲತಾಣಗಳಲ್ಲಿ ಹಾಕಿದ ಚಿತ್ರಗಳನ್ನೆಲ್ಲ ಅಲ್ಲಿ ಸೋಸುತ್ತೇವೆ. ಬೇಕಾದವನ್ನು ಉಳಿಸಿ, ಬೇಡವಾದವನ್ನು ಕರಗಿಸುತ್ತೇವೆ. ಕರಗಿದ್ದು ಮತ್ತೆ ಎಲ್ಲಿಯೂ ಸಿಗುವುದಿಲ್ಲ. ಮಾತು ಕಡಿಮೆಯಿರುವ ನನ್ನಂಥವರಿಗೆ ಹೇಳಿಮಾಡಿಸಿದ ಕೆಲಸ ಎಂದುಕೊಂಡಿದ್ದೆ.

ನಿನ್ನೆ ನಿಮ್ಮ ರೀಲ್ ನನ್ನ ಮುಂದೆ ಬಂತು. ಕ್ಷಯರೋಗದ ವಾರ್ಡು. ಬಿಳಿ ಸಮವಸ್ತ್ರ, ಎದೆಯ ಮೇಲೆ ಹೆಸರಿನ ಪಟ್ಟಿ, ಮಾಸ್ಕಿನ ಮೇಲೆ ನಗುವ ಕಣ್ಣುಗಳು. ಚೇತರಿಸಿಕೊಂಡು ಮನೆಗೆ ಹೊರಟ ಹೆಂಗಸಿನ ಕೈ ಹಿಡಿದು ನೀವು ಮೆಲ್ಲಗೆ ಕುಣಿಯುತ್ತೀರಿ. ಆಕೆಯ ಮುಖದ ಮೇಲೆ ದೊಡ್ಡದೊಂದು ಸೂರ್ಯಕಾಂತಿ ಹೂವಿನ ಚಿತ್ರ. ಕೆಳಗೆ ‘ನಾನು ನರ್ಸ್, ಇದೇ ನನ್ನ ಹೆಮ್ಮೆ’ ಎಂಬ ಸಾಲು. ಆ ಹೆಮ್ಮೆ ಸುಳ್ಳಲ್ಲ. ಆಕೆಯ ಹೆಜ್ಜೆ ತಪ್ಪಿದಾಗ ನಿಮ್ಮ ಹಸ್ತ ತಾನಾಗಿ ಅವಳ ಬೆನ್ನಿಗೆ ಹೋಗುವುದನ್ನು ನಾನು ಮತ್ತೆ ಮತ್ತೆ ನೋಡಿದೆ.

ನೀವು ಮೇಲೆ ಹಾಕಿದ ಹಾಡನ್ನು ನಾವೀಗ ಸಿಪ್ಪೆಯಂತೆ ಬಿಡಿಸಬಲ್ಲೆವು. ಬಿಡಿಸಿದೆ. ಒಳಗೆ ಆಕೆಯ ದನಿಯಿತ್ತು.

“ಬ್ಯಾಡ್ರಿ ಸಿಸ್ಟರ್, ಮಗಳ ಲಗ್ನ ಗೊತ್ತಾಗ್ಯದ. ಬೀಗರಿಗಿ ಈ ಬ್ಯಾನಿ ಸುದ್ದಿ ಹೇಳಿಲ್ರಿ.”

“ಏ ಅವ್ವ, ನಿನ್ನ ಮಾರಿಗಿ ಹೂವ ಹಚ್ತೀನಿ. ಯಾರಿಗೂ ಗುರ್ತು ಹತ್ತಂಗಿಲ್ಲ. ನಗು ಸ್ವಲ್ಪ!”

“ಹೂವ ಹಚ್ಚಿದ ಮ್ಯಾಲ ನಕ್ಕರ ಯಾರಿಗಿ ಕಾಣ್ತದ್ರಿ?”

ಇಬ್ಬರೂ ನಕ್ಕಿದ್ದೀರಿ. ನಿಮ್ಮ ಮಾತಿನಂತೆ ಹೂವನ್ನೂ ಹಚ್ಚಿದ್ದೀರಿ. ಆದರೆ ನೀವು ಹಿಡಿದ ಆ ಕೈಯ ಮೇಲೆ ಮೊಣಕೈವರೆಗೂ ಹಚ್ಚೆಯಿತ್ತು. ಒಂದು ನವಿಲು, ಅದರ ಕಾಲ ಬಳಿ ಮೂರು ಚುಕ್ಕೆ. ರೀಲಿನ ಕೆಳಗೆ ಮೆಚ್ಚುಗೆಯ ಮಾತುಗಳ ನಡುವೆ ಯಾರೋ ಬರೆದಿದ್ದಾರೆ: “ಈ ನವಿಲಿನ ಕೈ ನಮ್ಮ ಹೊಸ ಬೀಗಿತ್ತಿದು ಅಲ್ಲೇನು?” ಮುಂದೇನಾಯಿತೋ ಎಲ್ಲಿಯೂ ಇಲ್ಲ. ಮದುವೆ ನಡೆಯಿತೋ, ಮುರಿಯಿತೋ, ಆಕೆ ಮತ್ತೆ ಔಷಧಿಗೆಂದು ಆಸ್ಪತ್ರೆಯ ಮೆಟ್ಟಿಲು ಹತ್ತಿದಳೋ ಇಲ್ಲವೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ನನ್ನನ್ನು ಎಬ್ಬಿಸಿ, ಕೂರಿಸಿ, ಮತ್ತೆ ಎಬ್ಬಿಸುತ್ತಿದೆ.

ಇಲ್ಲಿಯ ನರ್ಸಿಂಗ್ ಕಾಲೇಜಿನವರು ಇಂದು ಸಂಜೆ ತಮ್ಮ ಗೋಡೆಯ ಮೇಲೆ ನಿಮ್ಮ ರೀಲನ್ನು ಬೆಳಗಿಸಬೇಕೆಂದಿದ್ದಾರೆ, ಹೂವು ತೆಗೆದು. ಹಾಗೆಯೇ ಬಿಟ್ಟರೂ ನೋಡುವವರ ಕಿವಿಯ ಕಣ್ಣುಗಳು ಅದನ್ನು ರೆಪ್ಪೆ ಬಡಿಯುವಷ್ಟರಲ್ಲಿ ತೆಗೆದುಬಿಡುತ್ತವೆ. ಒಂದು ಮುಖ ಸಿಕ್ಕರೆ ಅವರ ಮೊಮ್ಮಕ್ಕಳ ಮೊಮ್ಮಕ್ಕಳವರೆಗೆ ಮನೆತನವೂ ರೋಗಗಳೂ ಸಾಲಾಗಿ ಹೊರಬರುತ್ತವೆ. ಹೆಣ್ಣು ನೋಡಲು ಬರುವವರು ಇಂದಿಗೂ ಮೊದಲು ಹುಡುಕಿಸುವುದು ಅದನ್ನೇ.

ನನ್ನ ಮೇಲಧಿಕಾರಿ ಬಕ್ಕಪ್ಪಣ್ಣ ಕೆಟ್ಟವರಲ್ಲ, ಆತುರದವರು. “ಸಾಹಿತ್ಯ ಓದಿದವರಿಗಿ ಇದೇ ರೋಗ ನೋಡು. ಒಂದು ಹೂವ ತೆಗಿಲಾಕ ಇಷ್ಟು ಯೋಚ್ನಿ ಮಾಡ್ಲತಿ! ಆಕಿ ಸತ್ತು ನೂರು ವರ್ಷ ಆಯ್ತು, ಈಗ ಯಾರಿಗಿ ನಾಚ್ಕಿ?” ಎಂದರು. ಎಂದಿನಂತೆ ನಾನು ತಲೆ ತಗ್ಗಿಸಿದೆ.

ಕರಗಿಸಿದರೆ ನೀವೂ ಕರಗುತ್ತೀರಿ. ಲೋಕದಲ್ಲಿ ನಿಮ್ಮದೆಂದು ಉಳಿದಿರುವ ಚಿತ್ರ ಇದೊಂದೇ, ನಾನು ಹುಡುಕಿದ್ದೇನೆ. ಆ ನಗುವ ಕಣ್ಣುಗಳೂ ಬೆನ್ನಿಗೆ ಹೋದ ಆ ಹಸ್ತವೂ ಮತ್ತೆ ಯಾರಿಗೂ ಕಾಣವು.

ಆದ್ದರಿಂದ ನಿಮ್ಮಲ್ಲೊಂದು ಬೇಡಿಕೆ. ಈ ಓಲೆ ಸಮಯಕ್ಕೆ ತಲುಪಿದರೆ, ನೀವು ವಾರ್ಡಿನ ಹೊರಗೆ ಕಿಟಕಿಯ ಬಳಿ, ರೀಲನ್ನು ಜಾಲತಾಣಕ್ಕೆ ಹಾಕಲು ಹೆಬ್ಬೆರಳು ಎತ್ತಿಕೊಂಡು ನಿಂತಿರುತ್ತೀರಿ. ಒತ್ತಬೇಡಿ. ನರ್ಸ್ ಎಂದು ಹೇಳಿಕೊಳ್ಳಿ, ಹೆಮ್ಮೆಯಿಂದಲೇ ಹೇಳಿಕೊಳ್ಳಿ. ಆದರೆ ಅದಕ್ಕೆ ಇನ್ನೊಬ್ಬರ ಹಾಸಿಗೆಯ ಪಕ್ಕ ನಿಂತು ಚಿತ್ರ ತೆಗೆಯಬೇಕಿಲ್ಲ. ಮೊಬೈಲನ್ನು ಚೀಲದಲ್ಲಿಟ್ಟು ಒಳಗೆ ಹೋಗಿ, ಆಕೆಯ ಗಂಟು ಕಟ್ಟಲು ನೆರವಾಗಿ. ಆ ಕುಣಿತ ನಿಮ್ಮಿಬ್ಬರಲ್ಲೇ ಇರಲಿ.

ತಲುಪುವುದೋ ಇಲ್ಲವೋ ಎಂದು ಕಾಯುವಷ್ಟು ಹೊತ್ತು ನನ್ನಲ್ಲಿಲ್ಲ. ಹೂವಿನ ಹಿಂದಿನ ಮುಖವನ್ನು ನಾನು ನೋಡಿಲ್ಲ, ನೋಡುವುದೂ ಇಲ್ಲ. ಈ ಪತ್ರ ಮುಗಿಸಿ, ನನ್ನ ಕಣ್ಣನ್ನು ಬಿಚ್ಚಿ ಗೋಡೆಯ ಕಡೆ ತಿರುಗಿಸಿಟ್ಟು, ನಿಮ್ಮ ರೀಲನ್ನು ಕರಗಿಸುತ್ತೇನೆ. ಯಾಕೆಂದು ಬಕ್ಕಪ್ಪಣ್ಣ ಕೇಳಿದರೆ, ತಲೆಯೆತ್ತಿ ಹೇಳುತ್ತೇನೆ: “ಆಕಿ ಬ್ಯಾಡ ಅಂದಾಳ್ರಿ.”

ಮಂದಾಕಿನಿ