ಧಣಿಯನ್ನು ದಿಲ್ಲಿಗೆ ಕಳಿಸುವ ಮುನ್ನ ಕೆಂಚಯ್ಯನ ಕೈ ನೋಡಿ

ವಿಧಾನಸಭೆಯಲ್ಲಿ ನಮ್ಮ ಹೆಸರು ಹೇಳಿಕೊಂಡು ಕೂತಿರುವ ಮಾನ್ಯ ಶಾಸಕರೇ,

ಕೇರಿಗೆ ಬಾವಿ ತೋಡಿಸುತ್ತೇನೆ ಎಂದಿರಿ, ತೋಡಿಸಲಿಲ್ಲ. ಬಿಟ್ಟಿ ಚಾಕರಿ ನಿಲ್ಲಿಸುತ್ತೇನೆ ಎಂದಿರಿ, ನಿಲ್ಲಿಸಲಿಲ್ಲ. ನಮ್ಮನ್ನು ಕೇಳದೆ ಬೆಂಗಳೂರಿನಲ್ಲಿ ಕೈ ಎತ್ತುವುದಿಲ್ಲ ಎಂದಿರಿ. ಈಗ ರಾಜ್ಯಸಭೆಯ ತೆರವಾದ ಸ್ಥಾನಕ್ಕೆ, ನಮ್ಮವರನ್ನು ಹೊಡೆಸಿದ ಅಕ್ಕಿ ಗಿರಣಿಯ ಧಣಿಗೇ ಮತ ಹಾಕಲು ಹೊರಟಿದ್ದೀರಿ. ನಾಚಿಕೆ ಇಲ್ಲವೇ ಎಂದು ಕೇಳುವುದಿಲ್ಲ. ಅದನ್ನು ಕೇಳಿ ಕೇಳಿ ಬಾಯಿ ಸೋತಿದೆ.

ನಡೆದದ್ದನ್ನು ಹತ್ತು ಜನ ತಿಳಿಯಲಿ. ಮಲ್ಲಿಪಟ್ಟಣದ ಆಚೆ, ನೀವು ಭಾಷಣದಲ್ಲಿ ಹರಿಜನ ಕೇರಿ ಎನ್ನುವ, ಮನೆಯಲ್ಲಿ ಬೇರೇನೋ ಎನ್ನುವ ಕೇರಿ ನಮ್ಮದು. ಏನೇ ಸುದ್ದಿ ಇದ್ದರೂ ತಮಟೆ ಬಡಿದು ಸಾರುವವನು ಕೆಂಚಯ್ಯ. ಐವತ್ತೇಳನೇ ಇಸವಿಯಲ್ಲಿ ನಿಮ್ಮ ಚುನಾವಣೆಯನ್ನು ಸಾರಿದವನೂ ಅವನೇ. ಹೋದ ವಾರ ಅರಕಲಗೂಡಿನ ಸಂತೆಯಲ್ಲಿ ಯಾರೋ ಪೇಪರ್ ಓದುತ್ತಿದ್ದರು: ಚುನಾವಣೆ, ದಿಲ್ಲಿಯ ಸೀಟು, ಧಣಿ ನಿಂತಿದ್ದಾರೆ. ಅಷ್ಟು ಕೇಳಿದ್ದೇ ಕೆಂಚಯ್ಯ ಕೇರಿಗೆ ಬಂದು ಸಾರಿದ: "ಎಲೆಕ್ಷನ್ ಬಂದೈತೆ, ಧಣಿ ನಿಂತವ್ರೆ, ಅವ್ರಿಗ್ ಯಾರೂ ಓಟಾಕ್ಬ್ಯಾಡ್ರಪ್ಪೋ!" ಆ ಸ್ಥಾನಕ್ಕೆ ಮತ ಹಾಕುವವರು ಶಾಸಕರು ಮಾತ್ರ ಎಂದು ಅವನಿಗೆ ಯಾರು ಹೇಳಿದ್ದರು? ನೀವು ಹೇಳಿದ್ದಿರಾ? ಮರುದಿನ ಜನ ಕೂಲಿ ಬಿಟ್ಟು, ಒಗೆದ ಬಟ್ಟೆ ಉಟ್ಟು, ಪೇಟೆಯ ನಿಮ್ಮ ಮನೆ ಮುಂದೆ ಓಟಿನ ಚೀಟಿಗೆ ಸಾಲು ನಿಂತರು. ತಿಳಿಹೇಳಿ ವಾಪಸು ಕರೆತರೋಣ ಎಂದು ಓಡಿ ಬಂದ ನಾನು ತಲುಪುವಷ್ಟರಲ್ಲಿ ನಿಮ್ಮ ನಗೆ ಶುರುವಾಗಿತ್ತು.

ಜಗುಲಿಯ ಮೇಲೆ ನೀವೂ ಧಣಿಯೂ ಕಾಫಿ ಕುಡಿಯುತ್ತಿದ್ದಿರಿ. "ಲೇ, ಇದು ದೊಡ್ಡೋರ ಎಲೆಕ್ಷನ್ನು ಕಣ್ರಲಾ. ನಿಮ್ಗೆಲ್ಲಾ ಓಟಿಲ್ಲ, ಓಗ್ರಿ" ಎಂದಿರಿ. ಕೆಂಚಯ್ಯನ ಹೆಂಡತಿ ಮುದ್ದಮ್ಮ ಬಿಡಲಿಲ್ಲ. "ಅವತ್ತು ನನ್ ಮಗೀನ ಮೂಗೊರ್ಸಿ ಓಟ್ ಕೇಳುದ್ರಲ್ಲಾ ಸಾ, ಅವತ್ ನಾವು ದೊಡ್ಡೋರಾಗಿದ್ವಾ? ಓಗ್ಲಿ, ನಮ್ ಓಟೆಲ್ಲಾ ನಿಮ್ ತಾವೇ ಐತಲ್ಲ. ಈವಯ್ಯಂಗ್ ಮಾತ್ರ ಆಕ್ಬ್ಯಾಡಿ."

ಇಷ್ಟೇ ಅಪರಾಧ. "ಯಾವನ್ಲಾ ಸಾರ್ದೋನು?" ಎಂದ ಧಣಿ. ಕೆಂಚಯ್ಯ ಮುಂದೆ ಬಂದ: "ನಾನೇ ಸಾ." ಗಿರಣಿಯ ಆಳುಗಳು ಅವನನ್ನು ಕೆಡವಿ, ಎರಡೂ ಕೈಗಳನ್ನು ನಿಮ್ಮ ಮೆಟ್ಟಿಲುಗಲ್ಲಿನ ಮೇಲೆ ಚಾಚಿಸಿ ಒನಕೆಯಿಂದ ಕುಟ್ಟಿದರು. ಎಲುಬು ಒಡೆಯುವ ಸದ್ದು ನಾನು ಕೇಳಿದೆ. ನೀವೂ ಕೇಳಿದಿರಿ; ಲೋಟ ಕೆಳಗಿಡಲಿಲ್ಲ. ತಡೆಯಲು ಅಡ್ಡ ಬಂದ ಮುದ್ದಮ್ಮನ ಹೊಟ್ಟೆಗೆ ಒದ್ದರು. ಬಿಡಿಸಲು ಹೋದ ನನ್ನ ಹಲ್ಲು ಉದುರಿಸಿದರು. ಹಾಸನದ ಆಸ್ಪತ್ರೆಯಲ್ಲಿ ಕೆಂಚಯ್ಯನ ಬಲಗೈಯ ಮೂರು ಬೆರಳು ಕತ್ತರಿಸಿದ್ದಾರೆ. ಎಡಗೈ ಇದ್ದೂ ಇಲ್ಲ. ಅವನ ಬಾಯಿಗೆ ಈಗ ಮುದ್ದಮ್ಮನೇ ತುತ್ತಿಡಬೇಕು.

ದೂರು ಕೊಡಲು ಹೋದರೆ ದಫೇದಾರರ ಉತ್ತರ: "ಎಲೆಕ್ಷನ್ ಮುಗೀಲಿ ಕಣಯ್ಯ. ಧಣಿ ಗೆದ್ರೆ ಕೇಸೂ ಇಲ್ಲ ಗೀಸೂ ಇಲ್ಲ. ಸೋತ್ರೆ ನೋಡಾನ." ಅಂದರೆ ಕೆಂಚಯ್ಯನ ನ್ಯಾಯ ನಿಮ್ಮ ಮತಚೀಟಿಯಲ್ಲಿ ಮಡಚಿ ಕೂತಿದೆ. ರಹಸ್ಯ ಮತದಾನ ಎನ್ನುತ್ತೀರಿ. ಮತ ಗುಟ್ಟಾಗಿರಬೇಕು, ಒನಕೆ ಮಾತ್ರ ಹಾಡಹಗಲು ಎಲ್ಲರೆದುರು ಬೀಳಬೇಕೇ? ಕಾಯಿದೆ ಪ್ರಕಾರ ಕೆಂಚಯ್ಯ ತಪ್ಪು ಸಾರಿದ, ಒಪ್ಪಿದೆ. ಆ ಮತ ಅವನದಲ್ಲ. ನಿಮಗೆ ಅದು ಎಲ್ಲಿಂದ ಬಂತು ಸ್ವಾಮಿ? ನಿಮ್ಮ ತಾತ ಬಿಟ್ಟುಹೋದ ಗದ್ದೆಯೇ?

ಠಾಣೆಗೆ ಬಂದು, ಕಂಡದ್ದಕ್ಕೆ ಸಾಕ್ಷಿ ಹೇಳಿ. ಧಣಿಗೆ ಮತ ಹಾಕುವುದಿಲ್ಲ ಎಂದು ಕೇರಿಯವರ ಮುಂದೆ ನಿಂತು ಹೇಳಿ, ಆಮೇಲೆ ಬೆಂಗಳೂರಿನ ದಾರಿ ಹಿಡಿಯಿರಿ. ಹೇಳದೆ ಹೊರಟರೆ, ಅರಕಲಗೂಡು, ಹೊಳೆನರಸೀಪುರದ ಕೇರಿಗಳೆಲ್ಲ ಚನ್ನರಾಯಪಟ್ಟಣದ ರಸ್ತೆಯಲ್ಲಿ ನಿಮ್ಮ ಕಾರಿಗೆ ಅಡ್ಡ ಮಲಗಿರುತ್ತವೆ. ನಮ್ಮ ಮೈಮೇಲೆ ಹತ್ತಿಸಿಕೊಂಡು ಹೋಗಿ.

ಇಂತಿ,
ಐವತ್ತೇಳರಲ್ಲಿ ನಿಮಗೆ ಜೈಕಾರ ಕೂಗಿ, ಈಗ ಹಲ್ಲಿಲ್ಲದೆ ತೊದಲುತ್ತಿರುವ
ದ್ಯಾವಯ್ಯ

ನೀವು ಬರಬೇಕಾದ ಸಭೆ ಕೆಂಚಯ್ಯನ ಮನೆ ಮುಂದೆ, ಭಾನುವಾರ, ಬೆಳಗ್ಗೆ ಹತ್ತು ಗಂಟೆಗೆ.