ಎಸ್‌ಜಿಒಟಿ 148: ಒಂದು ತಿದ್ದುಪಡಿ

ತಮ್ಮಾ,

ನೀನು ಏಳುವ ಮೊದಲೇ ಆಫೀಸಿಗೆ ಹೊರಟಿದ್ದೇನೆ. ಇದನ್ನು ಪೂರ್ತಿ ಓದು.

ನಿನ್ನ ರಕ್ತಪರೀಕ್ಷೆಯ ವರದಿಯನ್ನು ನಿನ್ನೆ ಡಾಕ್ಟರಿಗೆ ತೋರಿಸಿದೆ. ನಲವತ್ತರೊಳಗೆ ಇರಬೇಕಾದ ಎಸ್‌ಜಿಒಟಿ 148 ಇರುವುದು ನಿಜ. ಆದರೆ ಆ ಕಿಣ್ವ ಯಕೃತ್ತಿನಲ್ಲಿ ಮಾತ್ರವಲ್ಲ, ಸ್ನಾಯುಗಳಲ್ಲೂ ಇರುತ್ತದಂತೆ. ಕುಡಿಯುವವರಲ್ಲಿ ಸಾಮಾನ್ಯವಾಗಿ ಏರುವ ಜಿಜಿಟಿ ನಿನಗೆ ಸರಿಯಾಗಿಯೇ ಇದೆ. "ಭಾರ ಏನಾದ್ರೂ ಎತ್ತಿದ್ರಾ?" ಎಂದು ಕೇಳಿದರು. ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ.

ಕೆಳಗಿನ ಮನೆಯ ಟೈಲರ್ ಹೇಳಿದರು: "ಭಾನುವಾರ ನಿಮ್ಮ ತಮ್ಮ ನಿಮ್ಮ ಹೊಸ ಮೇಜನ್ನ ಒಬ್ರೇ ಮೂರು ಮಹಡಿ ಹತ್ತಿಸಿದ್ರಲ್ಲಕ್ಕಾ! ನನ್ನನ್ನ ಕರೀಬಾರ್ದಾ ಅಂದ್ರೆ, ಅಕ್ಕ ಬರೋದ್ರೊಳಗೆ ಆಗ್ಬೇಕು ಅಂದ್ರು."

ಆಳುಗಳು ತಂದಿಟ್ಟರೆಂದುಕೊಂಡಿದ್ದೆ. ಮರುದಿನವೇ ನೀನು ಪರೀಕ್ಷೆಗೆ ರಕ್ತ ಕೊಟ್ಟೆ. ಬುಧವಾರ ನಾನು ಅದೇ ಮೇಜಿನ ಮುಂದೆ ಕೂತು, ಕರಡು ತಿದ್ದುವ ಕೆಂಪು ಪೆನ್ನಿನಲ್ಲಿ, ನಿನ್ನ ವರದಿಯ ಮೇಲೆ "ಮತ್ತೆ ಶುರುವಾಯ್ತಾ?" ಎಂದು ಬರೆದೆ. ನೀನು ಕುಡಿತ ಬಿಟ್ಟು ಎರಡು ವರ್ಷ ಎರಡು ತಿಂಗಳಾಗಿದೆ. ವಿಚಾರಿಸದೆ ಬರೆದದ್ದು ನನ್ನ ತಪ್ಪು. ಪತ್ರಿಕೆಯಲ್ಲಿ ತಪ್ಪು ಬಂದ ಪುಟದಲ್ಲೇ ತಿದ್ದುಪಡಿ ಹಾಕುತ್ತೇವೆ. ಅದಕ್ಕೇ ಈ ಚೀಟಿಯೂ ಅದೇ ಮೇಜಿನ ಮೇಲಿದೆ.

ಔಷಧ ಏನೂ ಬೇಡವಂತೆ. ಮುಂದಿನ ವಾರ ಮತ್ತೆ ಪರೀಕ್ಷೆ. ಅಲ್ಲಿಯವರೆಗೆ ಬಕೆಟ್ಟನ್ನೂ ಎತ್ತಬೇಡ.

ಅಡುಗೆ ಒಲೆಯ ಮೇಲಿದೆ. ರಾತ್ರಿ ಮಾತ್ರ ತಟ್ಟೆ ಹಿಡಿದುಕೊಂಡು ನಿನ್ನ ಕೋಣೆಗೆ ಹೋಗಬೇಡ. ನಾಲ್ಕು ದಿನದಿಂದ ಗೋಡೆ ನೋಡಿಕೊಂಡು ಉಣ್ಣುತ್ತಿದ್ದೇನೆ.

ಮೇಜನ್ನು ಕಿಟಕಿಯ ಕಡೆಗೆ ಒಂದಡಿ ಸರಿಸಬೇಕು. ನಾನೇ ನೂಕಿ ನೋಡಿದೆ, ಜಗ್ಗಲಿಲ್ಲ. ನಿನ್ನ ಪರೀಕ್ಷೆ ಮುಗಿಯಲಿ. ಒಂದು ತುದಿ ನಾನು ಹಿಡಿಯುತ್ತೇನೆ.

ಅಕ್ಕ